ಕೀಮೋಗೆ ಮೊದಲೇ ಯಾಕೀ ಮರೆವು?

ಸ್ತನ ಕ್ಯಾನ್ಸರ್ ಅಂತ ರಿಪೋರ್ಟ್ ಬಂದಿದೆ. ಕೀಮೋ ಇನ್ನೂ ಶುರುವಾಗಿಲ್ಲ. ಆಗಲೇ ಕುಕ್ಕರ್ ಎಷ್ಟು ಸಲ ಕೂಗಿತು ಅನ್ನೋದು ನೆನಪಿರೋಲ್ಲ. ಮಾತಿನ ಮಧ್ಯೆ ಪದ ಸಿಗೋಲ್ಲ. ಹಾಲಿನ ಲೆಕ್ಕ ಎರಡು ಸಲ ಕೂಡಿದರೂ ತಪ್ಪುತ್ತೆ. 'ಎಲ್ಲಾ ಟೆನ್ಷನ್, ಧೈರ್ಯ ತಂದ್ಕೋ' ಅಂತಾರೆ ಮನೆಯವರು. ಬರೀ ಟೆನ್ಷನ್ನೇ? ಅಷ್ಟೇ ಅಲ್ಲ.

ಕೀಮೋ ಪಡೆದವರ ಮರೆವಿಗೆ 'ಕೀಮೋ ಬ್ರೇನ್' ಅನ್ನುವುದು ವಾಡಿಕೆ. ಆದರೆ ಅಮೆರಿಕದ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ತಜ್ಞರು 2004ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ಹೇಳಿತು. ಸ್ತನ ಕ್ಯಾನ್ಸರ್ ಇದ್ದ 84 ಮಹಿಳೆಯರನ್ನು ಕೀಮೋಗೆ ಮೊದಲೇ ಪರೀಕ್ಷಿಸಿದಾಗ, ಸುಮಾರು ಮೂರನೇ ಒಂದು ಭಾಗದವರಲ್ಲಿ ನೆನಪು, ಕಲಿಕೆಯಂಥ ಶಕ್ತಿಗಳು ಕುಗ್ಗಿದ್ದವು!

ಕಾರಣಗಳೇನು?

* ಕ್ಯಾನ್ಸರ್ ಇದ್ದಾಗ ದೇಹದಲ್ಲಿ ಸೈಟೊಕೈನ್ ಎಂಬ ಪ್ರೋಟೀನ್‌ಗಳು ಹೆಚ್ಚಬಹುದು. ಜ್ವರ ಬಂದಾಗ ತಲೆ ಓಡೋಲ್ಲ ಅಲ್ವಾ? ಹಾಗೆಯೇ ಇವು ಮಿದುಳನ್ನೂ ಮಂಕಾಗಿಸಬಹುದು ಅನ್ನುತ್ತಾರೆ ವಿಜ್ಞಾನಿಗಳು.
* ರಕ್ತಹೀನತೆ, ನೋವು, ನಿದ್ದೆಗೇಡು, ಆತಂಕ ಕೂಡ ಸೇರಿಕೊಳ್ಳುತ್ತವೆ.
* ಕೆಲವು ಕ್ಯಾನ್ಸರ್‌ಗಳಲ್ಲಿ ರಕ್ತದ ಕ್ಯಾಲ್ಸಿಯಂ ಏರುತ್ತದೆ ಅಥವಾ ಸೋಡಿಯಂ ಇಳಿಯುತ್ತದೆ. ಆಗ ಮಂಪರು, ಗೊಂದಲ ಕಾಣಿಸುತ್ತದೆ. ಇದಕ್ಕೆ ಚಿಕಿತ್ಸೆ ಇದೆ.

ನೀವೇನು ಮಾಡಬಹುದು?

* ಏನು ಮರೆಯುತ್ತಿದೆ, ಯಾವಾಗಿನಿಂದ ಅಂತ ಡೈರಿಯಲ್ಲಿ ಬರೆದಿಡಿ. ಕೀಮೋ ಶುರುವಾಗುವ ಮೊದಲೇ ಡಾಕ್ಟರಿಗೆ ತೋರಿಸಿ. ಮುಂದೆ ಆಗುವ ಬದಲಾವಣೆಯನ್ನು ಹೋಲಿಸಿ ನೋಡಲು ಇದು ನೆರವಾಗುತ್ತದೆ.
* ಹಿಮೋಗ್ಲೋಬಿನ್, ಕ್ಯಾಲ್ಸಿಯಂ, ಸೋಡಿಯಂ, ಥೈರಾಯ್ಡ್, ಬಿ12 ಪರೀಕ್ಷೆ ಬೇಕೇ ಅಂತ ಕೇಳಿ.
* ಆಸ್ಪತ್ರೆಗೆ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಡಾಕ್ಟರ್ ಹೇಳಿದ್ದನ್ನು ಅವರು ಬರೆದುಕೊಳ್ಳಲಿ.
* ಮಾತ್ರೆಗೆ ಮೊಬೈಲ್ ಅಲಾರಂ ಇಡಿ. ಒಮ್ಮೆಗೆ ಒಂದೇ ಕೆಲಸ ಸಾಕು. ಒಲೆ ಉರಿಯುವಾಗ ಫೋನ್ ಬೇಡವೇ ಬೇಡ.

ದಿಢೀರ್ ಗೊಂದಲ, ಫಿಟ್ಸ್, ವಾಂತಿಯ ಜೊತೆ ತೀವ್ರ ತಲೆನೋವು, ದೇಹದ ಒಂದು ಬದಿಯಲ್ಲಿ ಬಲಹೀನತೆ ಕಂಡರೆ ಮಾತ್ರ ಬೆಳಗಾಗಲಿ ಅಂತ ಕಾಯಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಹಾಗಂತ ಕೀ ಎಲ್ಲಿಟ್ಟೆ ಅಂತ ಮರೆತವರೆಲ್ಲ ಕ್ಯಾನ್ಸರ್ ಅಂತ ಗಾಬರಿಪಡಬೇಕಿಲ್ಲ. ಕ್ಯಾನ್ಸರ್ ಇದ್ದವರು ಮರೆವಿಗೆ ಹೆದರಿ ಕೀಮೋ ಮುಂದೂಡುವುದೂ ಸರಿಯಲ್ಲ.

ಮನೆಯವರಿಗೊಂದು ಮಾತು. 'ಎಷ್ಟು ಸಲ ಹೇಳೋದು ನಿಂಗೆ?' ಅಂತ ರೇಗಬೇಡಿ. ಇನ್ನೊಂದು ಸಲ ಹೇಳಿ, ಅಷ್ಟೇ.