ಉಣ್ಣೆಯ ಹಿಂದೊಂದು ಗಾಯ

ಮಡಿಕೆ ಹೆಚ್ಚಿದಷ್ಟೂ ಉಣ್ಣೆ ಹೆಚ್ಚು ಎಂಬ ಲೆಕ್ಕ ಹಾಕಿ ಆಸ್ಟ್ರೇಲಿಯಾದವರು 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ವರ್ಮಾಂಟ್‌ನಿಂದ ಸುಕ್ಕುಮೈಯ ಮೆರಿನೊ ಟಗರುಗಳನ್ನು ತರಿಸಿದರು. ಸುಕ್ಕಿನ ಜೊತೆ ತೊಂದರೆಯೂ ಬಂತು. ಬಾಲದ ಕೆಳಗಿನ ಮಡಿಕೆಗಳಲ್ಲಿ ಗಂಜಲ, ಹಿಕ್ಕೆ ಅಂಟಿ ಸದಾ ಒದ್ದೆ. ನೊಣ ಅಲ್ಲೇ ಮೊಟ್ಟೆಯಿಡುತ್ತದೆ. ಹುಳ ಬಿದ್ದ ಕುರಿ ಬದುಕಿರುವಾಗಲೇ ಅದರ ಮಾಂಸ ಹುಳದ ಪಾಲು.

1930ರ ಸುಮಾರಿಗೆ ದಕ್ಷಿಣ ಆಸ್ಟ್ರೇಲಿಯಾದ ಕುರಿ ಸಾಕಣೆಗಾರ ಜಾನ್ ಮ್ಯೂಲ್ಸ್ ಒಂದು ಉಪಾಯ ಕಂಡುಕೊಂಡರು. ಹಿಂಭಾಗದ ಚರ್ಮವನ್ನೇ ಕತ್ತರಿಸಿ ತೆಗೆಯುವುದು! ಗಾಯ ಮಾಯ್ದ ಮೇಲೆ ಅಲ್ಲಿ ಉಣ್ಣೆ ಹುಟ್ಟದು, ನೊಣ ಕೂರದು. ಈ ‘ಮ್ಯೂಲ್ಸಿಂಗ್’ ದಶಕಗಳ ಕಾಲ ಅರಿವಳಿಕೆಯಿಲ್ಲದೆಯೇ ನಡೆಯಿತು. ತೊಟ್ಟಿಲಿನಂಥ ಚೌಕಟ್ಟಿನಲ್ಲಿ ಮರಿಯನ್ನು ಅಂಗಾತ ಮಲಗಿಸಿ, ಬಾಲ ಕತ್ತರಿಸಿ, ಬೀಜಕ್ಕೆ ರಬ್ಬರ್ ಉಂಗುರ ಹಾಕಿ, ಚರ್ಮ ತೆಗೆದು ಬಿಟ್ಟರೆ ಅದು ಬೆನ್ನು ಗೂನು ಮಾಡಿಕೊಂಡು ಹಿಂಡು ಸೇರುತ್ತದೆ. ಅರಚುವುದು ಕಡಿಮೆ. ಬೇಟೆಗೆ ಸಿಕ್ಕುವ ಪ್ರಾಣಿ ತನ್ನ ನೋವನ್ನು ತೋರಿಸಿಕೊಂಡರೆ ತೋಳದ ಕಣ್ಣು ಅದರ ಮೇಲೇ ಬೀಳುತ್ತದೆ. ಈ ಸುಮ್ಮನಿರುವಿಕೆ ಸಾಕುವವರಿಗೆ ಬಹಳ ಅನುಕೂಲವಾಯಿತು ಎನ್ನದೆ ವಿಧಿಯಿಲ್ಲ.

ಆದರೆ ಮುಖ ಎಲ್ಲವನ್ನೂ ಮುಚ್ಚಿಡುವುದಿಲ್ಲ. ಕೇಂಬ್ರಿಜ್‌ನ ಸಂಶೋಧಕರು ಗೊರಸು ಕೊಳೆತ, ಕೆಚ್ಚಲು ಬಾವು ಬಂದ ಕುರಿಗಳನ್ನು ಗಮನಿಸಿ 2016ರಲ್ಲಿ ಒಂದು ಅಳತೆಗೋಲು ಪ್ರಕಟಿಸಿದರು. ಕಣ್ಣು ಕಿರಿದಾಗುವುದು, ಕೆನ್ನೆ ಬಿಗಿಯುವುದು, ಕಿವಿ ತಿರುಗುವುದು, ತುಟಿ ಮತ್ತು ಮೂಗಿನ ಹೊಳ್ಳೆಗಳ ಆಕಾರ ಬದಲಾಗುವುದು, ಇವೆಲ್ಲ ನೋವಿನ ಗುರುತುಗಳು.

ಮದ್ದೇನೂ ದೂರದಲ್ಲಿರಲಿಲ್ಲ. ಲಿಗ್ನೊಕೇನ್, ಬ್ಯುಪಿವಕೇನ್ ಇರುವ ಟ್ರೈ-ಸಾಲ್ಫೆನ್ ಎಂಬ ಜೆಲ್ಲನ್ನು ಹಸಿ ಗಾಯದ ಮೇಲೆ ಸಿಂಪಡಿಸಿದರೆ ಬೇಗನೆ ಮರಗಟ್ಟುತ್ತದೆ. ಮೆಲಾಕ್ಸಿಕಾಂ ನಿಧಾನ, ಆದರೆ ಹೆಚ್ಚು ಹೊತ್ತು ಕಾಯುತ್ತದೆ. ಚುಚ್ಚುಮದ್ದಾಗಿ ಇಲ್ಲವೇ ಕೆನ್ನೆಯೊಳಗೆ ಹಚ್ಚುವ ಜೆಲ್ಲಾಗಿ ಸಿಗುತ್ತದೆ. ಎರಡನ್ನೂ ಕೊಡುವುದೇ ಸರಿ. (ಮೆಲಾಕ್ಸಿಕಾಂ ನಮ್ಮ ಪಶುವೈದ್ಯರಿಗೂ ಪರಿಚಿತ. ರಣಹದ್ದುಗಳ ಪ್ರಾಣ ತೆಗೆಯುತ್ತಿದ್ದ ಡೈಕ್ಲೊಫೆನಾಕನ್ನು ಜಾನುವಾರುಗಳಿಗೆ ಕೊಡದಂತೆ ಭಾರತ 2006ರಲ್ಲಿ ತಡೆದಾಗ ಅದರ ಜಾಗಕ್ಕೆ ಬಂದದ್ದು ಇದೇ.) ಕಂಬಳಿಗೆ ಉಣ್ಣೆ ಕೊಡುವ ನಮ್ಮ ಡೆಕ್ಕನಿ ಕುರಿಗೆ ಮ್ಯೂಲ್ಸಿಂಗ್ ಕಾಟವಿಲ್ಲ. ಆದರೆ ಇಕ್ಕಳ ಹಾಕಿ ಬೀಜ ಒಡೆಯುವಾಗ, ಗೊರಸು ಕೊಳೆತು ಕುಂಟುವಾಗ ಅದಕ್ಕೂ ಮೆಲಾಕ್ಸಿಕಾಂ ಸಲ್ಲಬೇಕು.

ಆಸ್ಟ್ರೇಲಿಯಾದ ಉಣ್ಣೆ ಉದ್ಯಮ 2010ರೊಳಗೆ ಮ್ಯೂಲ್ಸಿಂಗ್ ಬಿಡುತ್ತೇವೆಂದು 2004ರಲ್ಲಿ ಮಾತು ಕೊಟ್ಟು, 2009ರಲ್ಲಿ ಹಿಂದೆ ಸರಿಯಿತು. ನೆರೆಯ ನ್ಯೂಜಿಲೆಂಡ್ 2018ರಲ್ಲಿ ನಿಷೇಧಿಸಿಯೇಬಿಟ್ಟಿತು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2020ರಿಂದ ನೋವು ನಿವಾರಕವನ್ನು ಕಡ್ಡಾಯ ಮಾಡಿತೇ ಹೊರತು ಕತ್ತರಿಯನ್ನು ಕೆಳಗಿಡಿಸಲಿಲ್ಲ. ನೋವು ಕಡಿಮೆಯಾದರೆ ಕತ್ತರಿಸುವವರ ಮನಸ್ಸಿನ ಚುಚ್ಚೂ ಕಡಿಮೆಯಾಗುತ್ತದೆ ಎಂಬ ಅಳುಕು ನನಗಿದೆ.

ಸುಕ್ಕು ತಂದದ್ದು ತಳಿ ಆಯ್ಕೆ, ಕಳೆಯಬೇಕಾದ್ದೂ ಅದೇ. ಹಿಂಭಾಗ ನುಣುಪಾಗಿರುವ ಟಗರುಗಳನ್ನೇ ಆರಿಸಿ ಹಿಂಡು ಬೆಳೆಸಿದ ಕೆಲವರು ಈಗಾಗಲೇ ಮ್ಯೂಲ್ಸಿಂಗ್ ಬಿಟ್ಟಿದ್ದಾರೆ. ಇದಕ್ಕೆ ಹಲವು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಹುಟ್ಟುವ ಮರಿಗಳಿಗೆ ಜೆಲ್ಲೂ ಬೇಕು, ಚುಚ್ಚುಮದ್ದೂ ಬೇಕು.