ಮೈಕಟ್ಟು ನೋಡಿ ಮಣೆ ಹಾಕಿದರೆ ಸಾಲದು

ಆಸ್ಟ್ರೇಲಿಯಾದ ಜನಪ್ರಿಯ ಕ್ರೀಡೆ ರಗ್ಬಿ ಲೀಗ್‌ನಲ್ಲಿ ತಂಡವೊಂದಕ್ಕೆ 13 ಆಟಗಾರರು. ಮುಂಚೂಣಿಯ 6 ಮಂದಿಗೆ ಡಿಕ್ಕಿ ತಾಳುವ ದೇಹಬಲ ಮುಖ್ಯವಾದರೆ, ಹಿಂದಿನ 7 ಮಂದಿಗೆ ವೇಗ ಮತ್ತು ಜಾಣ್ಮೆ ಮುಖ್ಯ. 15ರ ಹರೆಯದ ಹುಡುಗ ಮುಂದೆ ಯಾವ ಸ್ಥಾನಕ್ಕೆ ಸಲ್ಲುತ್ತಾನೆ ಎಂಬುದನ್ನು ಗುರುತಿಸುವುದು ತರಬೇತುದಾರರಿಗೆ ಕಠಿಣ ಸವಾಲು.

ಈ ವಯಸ್ಸಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಮೈಕಟ್ಟು. ಬೇಗ ಬೆಳೆದ ಬಾಲಕ ಓರಗೆಯವರನ್ನು ಕೆಡವಿ ಮುನ್ನುಗ್ಗುತ್ತಾನೆ. ಕೆಲವೇ ವರ್ಷಗಳಲ್ಲಿ ಉಳಿದವರೂ ಬೆಳೆದಾಗ ಈ ಅನುಕೂಲ ಕರಗುತ್ತದೆ. ಅಷ್ಟರಲ್ಲಿ, ಗಿಡ್ಡನೆಂದು ಕೈಬಿಟ್ಟ ಪ್ರತಿಭಾವಂತ ಆಟವನ್ನೇ ತೊರೆದಿರಬಹುದು. ಆದ್ದರಿಂದ ಚೆಂಡು ದಾಟಿಸುವ ಕೌಶಲ, ಎದುರಾಳಿಯನ್ನು ಹಿಡಿದು ಕೆಡಹುವ ತಂತ್ರ, ದಣಿದಾಗಲೂ ಸರಿಯಾದ ನಿರ್ಧಾರ ಕೈಗೊಳ್ಳುವ ಗುಣ ಇವುಗಳನ್ನು ಹಲವು ಪಂದ್ಯಗಳಲ್ಲಿ ಗಮನಿಸಬೇಕಾಗುತ್ತದೆ.

ಸ್ಥಾನವೂ ಶಾಶ್ವತವಲ್ಲ. 2002ರಲ್ಲಿ ಮೆಲ್ಬರ್ನ್ ಸ್ಟಾರ್ಮ್ ತಂಡಕ್ಕೆ ದಾಳಿಯ ಸೂತ್ರಧಾರ ಹಾಫ್‌ಬ್ಯಾಕ್ ಆಗಿ ಪದಾರ್ಪಣೆ ಮಾಡಿದ ಕ್ಯಾಮರಾನ್ ಸ್ಮಿತ್, ಪ್ರತಿ ಟ್ಯಾಕಲ್‌ನ ಬಳಿಕ ಚೆಂಡು ಎತ್ತಿ ಹಂಚುವ ಹುಕ್ಕರ್ ಸ್ಥಾನದಲ್ಲಿ ನೆಲೆನಿಂತು ಒಟ್ಟು 430 ಪಂದ್ಯಗಳನ್ನಾಡಿದರು. ಕೊನೆಯ ರಕ್ಷಕನಾದ ಫುಲ್‌ಬ್ಯಾಕ್ ಸ್ಥಾನದಲ್ಲಿ ಹೆಸರು ಮಾಡಿದ್ದ ಡ್ಯಾರೆನ್ ಲಾಕಯರ್, 2004ರಲ್ಲಿ ಫೈವ್-ಏಯ್ಟ್ ಸ್ಥಾನಕ್ಕೆ ಬಂದರು. 2006ರಲ್ಲಿ ನಾಯಕರಾಗಿ ಬ್ರಿಸ್ಬೇನ್ ಬ್ರಾಂಕೋಸ್‌ಗೆ ಪ್ರಶಸ್ತಿ ಗೆದ್ದುಕೊಟ್ಟರು.

ಎಳೆಯರನ್ನು ಎರಡು-ಮೂರು ಸ್ಥಾನಗಳಲ್ಲಿ ಆಡಿಸಿ, ಮೈ ಬಲಿಯುವವರೆಗೆ ಅಂತಿಮ ತೀರ್ಮಾನ ಮುಂದೂಡುವುದೇ ವಿವೇಕ.