ರಂಗೋಲಿ ಬೀಳದ ದಿನ

ಅರಸೀಕೆರೆಯ ನಮ್ಮ ಬೀದಿಯಲ್ಲಿ 78 ವರ್ಷದ ಅಜ್ಜಿಯೊಬ್ಬರು ಒಂಟಿಯಾಗಿ ವಾಸಿಸುತ್ತಾರೆ. ಎದುರುಮನೆಯವರು ಕ್ರೈಸ್ತರು, ಮನೆಯಾಕೆ ನಿವೃತ್ತ ದಾದಿ. ಬೆಳಗಾದರೆ ಆಕೆ ಮೊದಲು ನೋಡುವುದು ಅಜ್ಜಿಯ ಅಂಗಳದಲ್ಲಿ ರಂಗೋಲಿ ಬಿದ್ದಿದೆಯೇ ಎಂಬುದನ್ನು. ಹೋದ ಶ್ರಾವಣದಲ್ಲಿ ಒಂದು ದಿನ ಬಿದ್ದಿರಲಿಲ್ಲ. ಓಡಿಹೋಗಿ ನೋಡಿದರೆ ಅಜ್ಜಿ ಬಚ್ಚಲಲ್ಲಿ ಜಾರಿಬಿದ್ದಿದ್ದರು. ಒಂದೇ ಗೋಡೆಯ ಈಚೆ ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ, ನನಗೇನೂ ಕೇಳಿಸಿರಲಿಲ್ಲ.

ಅಂದಿನಿಂದ ಆಕೆಯ ನಡೆಯನ್ನು ಗಮನಿಸುತ್ತ ಬಂದಿದ್ದೇನೆ. ಅಜ್ಜಿ ಪರರ ಮನೆಯ ಅಡುಗೆ ಮುಟ್ಟುವವರಲ್ಲ. ಅದನ್ನರಿತು ಆಕೆ ಬೇಯಿಸಿದುದನ್ನು ಒಯ್ಯುವುದಿಲ್ಲ. ಹಾಲು ತಂದುಕೊಟ್ಟು, ಗುಳಿಗೆಗಳನ್ನು ಹೊತ್ತಿಗೊಂದು ಪೊಟ್ಟಣ ಕಟ್ಟಿಡುತ್ತಾರೆ. 65 ದಾಟಿದ ಬಡವರಿಗಾಗಿ ಸರ್ಕಾರ 2007ರಲ್ಲಿ ಆರಂಭಿಸಿದ ಸಂಧ್ಯಾ ಸುರಕ್ಷಾ ವೇತನ ಅಜ್ಜಿಗುಂಟು. ಕೊಬ್ಬರಿ ಮಂಡಿಯ ಕೂಲಿಯಲ್ಲಿ ಸವೆದ ಅವರ ಬೆರಳಿನ ಗುರುತನ್ನು ಯಂತ್ರ ಹಿಡಿಯದಾದಾಗ ಮೂರು ಸಲ ಜತೆಗೆ ಅಲೆದವರೂ ಆಕೆಯೇ.

ಬೇಲೂರಿನ ಚೆನ್ನಕೇಶವನನ್ನು ಇನ್ನೊಮ್ಮೆ ಕಾಣಬೇಕೆಂದು ಅಜ್ಜಿ ಬಯಸಿದರು. ಬೇಲೂರು ಹಳೇಬೀಡುಗಳ ಶಿಲ್ಪವೈಭವವನ್ನು ವರ್ಷವರ್ಷವೂ ತರಗತಿಯಲ್ಲಿ ಬಣ್ಣಿಸುವ ನನಗೆ ಅವರನ್ನು ಕರೆದೊಯ್ಯಬೇಕೆಂದು ತೋಚಲಿಲ್ಲ. ಆಕೆ ಕರೆದೊಯ್ದು, ಜಗತಿಯ ಮೆಟ್ಟಿಲು ಹತ್ತಿಸಿ, ದರ್ಶನವಾಗುವವರೆಗೆ ಹೊರಗೆ ಕಾದರಂತೆ.

“ಇಷ್ಟೆಲ್ಲ ಏಕೆ, ಅಮ್ಮ?” ಎಂದೆ. ವಿಧವೆಯರನ್ನು ಕಷ್ಟದಲ್ಲಿ ನೋಡಿಕೊಳ್ಳುವುದೇ ಶುದ್ಧ ಭಕ್ತಿಯೆನ್ನುವ ಯಾಕೋಬನ ಪತ್ರಿಕೆಯನ್ನು ನೆನೆಯುವರೆಂದು ನಿರೀಕ್ಷಿಸಿದ್ದೆ.

“ಮೇಷ್ಟ್ರೆ, ಭಾನುವಾರ ನಾವು ಚರ್ಚಿಗೆ ಹೋಗಿರುತ್ತೇವೆ. ಅಂದು ರಂಗೋಲಿಯನ್ನು ನೀವು ನೋಡಿಕೊಳ್ಳಿ” ಎಂದರು.